ಹಂದಿಯೂ ಅದರ ಮಾಂಸವೂ



ಈ ದಿನ ನಾವು ಆರಿಸಿಕೊಂಡಿರುವ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ಮೂಗು ಮುರಿಯಬಹುದು. ಕೆಲವರಿಗೆ ಬಾಯಲ್ಲಿ ನೀರೂರಬಹುದು. ಹಂದಿಯ ಮಾಂಸವನ್ನು ತಿನ್ನುವವರು ನಮ್ಮಲ್ಲಿ ಇದ್ದಾರೆ. ತಿನ್ನದವರು ಅವರಿಗಿಂತ ಬಹಳ ಹೆಚ್ಚಾಗಿದ್ದಾರೆ. ಧರ್ಮದ ಕಟ್ಟಳೆಯಿಂದ ಅದನ್ನು ಬಿಟ್ಟವರುಂಟು, ಮನೆತನದ ವಾಡಿಕೆಯಿಂದ ಬಿಟ್ಟವರುಂಟು, ಬೀದಿಯಲ್ಲಿ ಆ ಪ್ರಾಣಿಯನ್ನು ಕಂಡು ಹೇಸಿ ಬಿಟ್ಟವರೂ ಉಂಟು. ತಿನ್ನುವವರಿಂದ ಬಿಡಿಸುವುದಾಗಲಿ, ತಿನ್ನದವರಿಗೆ ರುಚಿ ಹತ್ತಿಸುವುದಾಗಲಿ ನಮ್ಮ ಉದ್ದೇಶವಲ್ಲ. ನಾವು ಕೇಳಬೇಕೆಂದಿರುವ ಪ್ರಶ್ನೆಗಳು ಎರಡೇ. ಈ ಮಾಂಸದಲ್ಲಿ ಮನುಷ್ಯದೇಹಕ್ಕೆ ಬೇಕಾದದ್ದು ಏನಿದೆ? ಇದರಿಂದ ಬರುವುದೆಂದು ಹೇಳಲಾಗುವ ಕೇಡು ನಿಜವಾಗಿ ಎಲ್ಲಿಂದ ಬರುತ್ತದೆ? ಮೊದಲನೆಯ ಪ್ರಶ್ನೆ ತಿನ್ನುವವರಿಗೆ ಸೇರಿದ್ದು. ಎರಡನೆಯದು ತಿನ್ನದವರಿಗೂ ಅಷ್ಟೇ ಸೇರಿದ್ದು. ಅದು ಹೇಗೆಂಬುದು ಮುಂದೆ ತಿಳಿಯುವುದು.

ಒಂದೇ ಪ್ರಾಣಿಗೆ ನಮ್ಮ ನಾಡಿನಲ್ಲಿ ಎರಡು ಹೆಸರು, ಎರಡು ಮರ್ಯಾದೆ. ವರಾಹವೆಂದರೆ ಕೈ ಮುಗಿಯುತ್ತೇವೆ, ಹಂದಿಯೆಂದರೆ ಬೈಗುಳವಾಗುತ್ತದೆ. ಬಾದಾಮಿಯ ಚಾಲುಕ್ಯರಿಗೆ ವರಾಹವೇ ಲಾಂಛನವಾಗಿತ್ತು. ಆ ಊರಿನ ಮೂರನೆಯ ಗುಹಾಲಯದಲ್ಲಿ, ಎಂದರೆ ಕ್ರಿ. ಶ. ೫೭೮ರ ಶಾಸನವಿರುವ ಗುಹೆಯಲ್ಲಿ, ಭೂದೇವಿಯನ್ನು ಎತ್ತಿ ಹಿಡಿದ ವರಾಹಮೂರ್ತಿಯನ್ನು ಈಗಲೂ ನೋಡಬಹುದು. ವಿಜಯನಗರದ ಅರಸರೂ ಅದೇ ಲಾಂಛನವನ್ನು ಧರಿಸಿದರು; ಅವರ ಚಿನ್ನದ ನಾಣ್ಯಕ್ಕೆ ವರಹವೆಂದೇ ಹೆಸರು ನಿಂತಿತು. ತುಳುನಾಡಿನಲ್ಲಿ ಪಂಜುರ್ಲಿಯೆಂಬ ಭೂತಕ್ಕೆ ಹಂದಿಯದೇ ರೂಪ. ಇನ್ನು ಊಟದ ಮಾತಿಗೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜನ ಅನ್ನಭೋಗವನ್ನು ಹೇಳುವಾಗ ಹಂದಿಯ ಮಾಂಸವನ್ನು ಹಸನುಮಾಡಿ ಬೇಯಿಸುವ ಕ್ರಮವೂ ಬಂದಿದೆ. ಆದುದರಿಂದ ಹಂದಿಯ ಅಡುಗೆ ನಮ್ಮಲ್ಲಿಗೆ ಪರಂಗಿಯವರ ಜೊತೆಯಲ್ಲಿ ಬಂದದ್ದೆಂಬ ಮಾತಿಗೆ ಆಧಾರವಿಲ್ಲ. ಹಳಗನ್ನಡದ ‘ಪಂದಿ’ ಹೊಸಗನ್ನಡದಲ್ಲಿ ‘ಹಂದಿ’ಯಾಯಿತು, ಕೊಡವರ ನುಡಿಯಲ್ಲಿ ಇಂದಿಗೂ ಅದು ಪಂದಿಯೇ.

ಮೊದಲು ಪ್ರಾಣಿಯನ್ನು ಪರಿಚಯಮಾಡಿಕೊಳ್ಳೋಣ. ಊರಹಂದಿಗೆ ಕಾಡುಹಂದಿಯೇ ಮೂಲ. ಈಗಿನ ಟರ್ಕಿ ದೇಶದ ಪೂರ್ವಭಾಗದಲ್ಲಿಯೂ ಚೀನಾದೇಶದಲ್ಲಿಯೂ, ಒಬ್ಬರನ್ನು ನೋಡಿ ಒಬ್ಬರು ಕಲಿಯದೆ, ಬೇರೆಬೇರೆಯಾಗಿಯೇ ಜನರು ಇದನ್ನು ಪಳಗಿಸಿದರೆಂದು ಎಲುಬುಗಳ ಪರೀಕ್ಷೆಯಿಂದಲೂ ವಂಶವಾಹಿಗಳ ಪರೀಕ್ಷೆಯಿಂದಲೂ ಗೊತ್ತಾಗಿದೆ. ಅದು ನಡೆದು ಸುಮಾರು ೮,೦೦೦ದಿಂದ ೧೦,೦೦೦ ವರ್ಷಗಳಾದುವು. ಹಸುವಿನಂತೆ ಇದು ಮೆಲುಕು ಹಾಕುವ ಪ್ರಾಣಿಯಲ್ಲ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿದ್ದರೆ ಹಂದಿಗೆ ನಮ್ಮಂತೆ ಒಂದೇ ಜಠರ. ಹುಲ್ಲನ್ನೇ ನಂಬಿ ಬದುಕಲಾರದು. ಗೆಡ್ಡೆ, ಕಾಳು, ಹಣ್ಣು, ಹುಳು, ಮಾಂಸ, ನಮ್ಮ ಎಂಜಲು, ಯಾವುದೂ ಅದಕ್ಕೆ ಬೇಡವೆಂದಿಲ್ಲ. ಅದರ ಬಾಯಲ್ಲಿರುವ ೪೪ ಹಲ್ಲುಗಳು ಕಚ್ಚುವುದಕ್ಕೂ ಸೀಳುವುದಕ್ಕೂ ಅರೆಯುವುದಕ್ಕೂ ಒದಗುವುವು. ಅದರ ಮೂತಿಯೇ ಅದಕ್ಕೆ ಗುದ್ದಲಿ. ಮಣ್ಣಿನೊಳಗಿನ ಗೆಡ್ಡೆಯನ್ನು ವಾಸನೆಯಿಂದಲೇ ಪತ್ತೆಮಾಡುವುದು.

ಹಂದಿ ಕೆಸರಿನಲ್ಲಿ ಹೊರಳುವುದನ್ನು ಕಂಡು ಅದನ್ನು ಕೊಳಕುಪ್ರಾಣಿಯೆಂದು ನಿಶ್ಚಯಿಸುವೆವಷ್ಟೆ. ಕಾರಣವನ್ನು ವಿಚಾರಿಸಿದರೆ ಆ ತೀರ್ಪು ನಿಲ್ಲುವುದಿಲ್ಲ. ಮೈಯನ್ನು ತಂಪುಮಾಡುವಷ್ಟು ಬೆವರು ಅದಕ್ಕೆ ಬರುವುದಿಲ್ಲ. ಬಿಸಿಲು ಏರಿದಾಗ ನೀರೋ ನೆರಳೋ ದೊರೆಯದಿದ್ದರೆ ಪ್ರಾಣಕ್ಕೇ ಸಂಚಕಾರ. ಮೈಗೆ ಮೆತ್ತಿದ ಕೆಸರಿನ ನೀರು ನಿಧಾನವಾಗಿ ಆರುತ್ತ ಮೈಯ ಕಾವನ್ನು ಇಳಿಸುವುದು. ಜೊತೆಗೆ ಬಿಸಿಲನ್ನೂ ನೊಣವನ್ನೂ ತಡೆಯುವುದು. ಇಕ್ಕಟ್ಟಿಲ್ಲದ ದೊಡ್ಡಿಯಲ್ಲಿ ಬಿಟ್ಟು ನೋಡಿದರೆ ಹಂದಿ ಮಲಗುವ ಜಾಗವನ್ನು ಒಂದು ಕಡೆ, ಹೇಲುವ ಜಾಗವನ್ನು ಇನ್ನೊಂದು ಕಡೆ ಇಟ್ಟುಕೊಳ್ಳುತ್ತದೆ. ಈ ಶಿಸ್ತು ಎಲ್ಲ ಸಾಕುಪ್ರಾಣಿಗಳಲ್ಲಿಯೂ ಕಾಣುವುದಲ್ಲ.

ಅದರ ಮೈಯ ಒಳಗೆಲಸವೂ ನಮ್ಮದಕ್ಕೆ ಆಶ್ಚರ್ಯವೆನ್ನುವಷ್ಟು ಹತ್ತಿರ. ಮಧುಮೇಹಕ್ಕೆ ಕೊಡುವ ಇನ್ಸುಲಿನ್ ಎಂಬ ವಸ್ತುವಿನಲ್ಲಿ ೫೧ ಕೊಂಡಿಗಳುಂಟು. ಹಂದಿಯ ಇನ್ಸುಲಿನಿಗೂ ಮನುಷ್ಯನದಕ್ಕೂ ಇರುವ ವ್ಯತ್ಯಾಸ ಅವುಗಳಲ್ಲಿ ಒಂದೇ ಒಂದು ಕೊಂಡಿಯದು. ೧೯೨೦ರ ದಶಕದಿಂದ ಹಲವು ದಶಕಗಳ ಕಾಲ ಹಂದಿಯ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಲಕ್ಷಾಂತರ ರೋಗಿಗಳನ್ನು ಉಳಿಸಿತು. ೨೦೨೨ನೆಯ ಜನವರಿಯಲ್ಲಿ ಅಮೆರಿಕಾದ ಮೇರಿಲ್ಯಾಂಡಿನ ವೈದ್ಯರು ವಂಶವಾಹಿಗಳನ್ನು ತಿದ್ದಿದ ಹಂದಿಯೊಂದರ ಹೃದಯವನ್ನು ಒಬ್ಬ ರೋಗಿಯ ಎದೆಯಲ್ಲಿ ಕೂಡಿಸಿದರು; ಆತನು ಸುಮಾರು ಎರಡು ತಿಂಗಳು ಬದುಕಿದನು. ದೇಹಗಳ ಈ ಹತ್ತಿರತನವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಉಪಕಾರಕ್ಕೆ ತೆರೆದ ದಾರಿಯೇ ರೋಗಕ್ಕೂ ದಾರಿಯಾದೀತು.

ಇಷ್ಟು ದೇಶಗಳ ಜನರು ಈ ಪ್ರಾಣಿಯನ್ನು ಸಾಕಿದ್ದು ಏತಕ್ಕೆ? ಇದರಷ್ಟು ಬೇಗ ಬೆಳೆದು ಇಷ್ಟೊಂದು ಮಾಂಸ ಕೊಡುವ ದೊಡ್ಡ ಪ್ರಾಣಿ ಇನ್ನೊಂದಿಲ್ಲ. ಹೆಣ್ಣುಹಂದಿ ಗರ್ಭ ಧರಿಸಿದ ಸುಮಾರು ೧೧೪ ದಿನಗಳಿಗೆ, ಎಂದರೆ ಮೂರು ತಿಂಗಳು ಮೂರು ವಾರ ಮೂರು ದಿನಕ್ಕೆ, ಈಯುವುದು. ಒಳ್ಳೆಯ ತಳಿಯಾದರೆ ಒಂದು ಸೂಲಿಗೆ ಎಂಟರಿಂದ ಹನ್ನೆರಡು ಮರಿ. ಹುಟ್ಟಿದಾಗ ಒಂದು, ಒಂದೂವರೆ ಕಿಲೋ ತೂಗುವ ಮರಿ ಚೆನ್ನಾಗಿ ಮೇಯಿಸಿದರೆ ಆರು ತಿಂಗಳಿಗೆ ೧೦೦ ಕಿಲೋವಿನ ಹತ್ತಿರ ಬರುವುದು. ಮೂರು ಕಿಲೋ ಮೇವಿಗೆ ಹೆಚ್ಚುಕಡಿಮೆ ಒಂದು ಕಿಲೋ ಮೈತುಂಬುವುದು. ಬಡವನ ಹಿತ್ತಿಲಲ್ಲಿ ಇದು ಕಾಲುಳ್ಳ ಹುಂಡಿಯಂತೆ. ಮಗಳ ಮದುವೆಗೋ ಮಗನ ಶಾಲೆಗೋ ಒದಗುವುದು. ನಮ್ಮ ದೇಶದ ೨೦೧೯ರ ಜಾನುವಾರು ಗಣತಿಯಲ್ಲಿ ಎಣಿಸಿದ ಹಂದಿಗಳು ಸುಮಾರು ೯೦ ಲಕ್ಷ. ೨೦೧೨ರ ಗಣತಿಗಿಂತ ಇದು ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಇವುಗಳಲ್ಲಿ ೨೧ ಲಕ್ಷದಷ್ಟು ಅಸ್ಸಾಮೊಂದರಲ್ಲಿಯೇ ಇದ್ದುವು. ಈಶಾನ್ಯದ ಬೆಟ್ಟಸೀಮೆಗಳಲ್ಲಿ ಹಂದಿಯಿಲ್ಲದ ಹಬ್ಬವಿಲ್ಲ.

ಇನ್ನು ಮಾಂಸದ ವಿಚಾರ. ‘ಹಂದಿಯ ಮಾಂಸ ಪುಷ್ಟಿಯೋ ಅಲ್ಲವೋ’ ಎಂದು ಕೇಳುವವರಿಗೆ ನಾವು ಮರುಪ್ರಶ್ನೆ ಹಾಕಬೇಕಾಗಿದೆ: ಹಂದಿಯ ಯಾವ ಭಾಗದ ಮಾಂಸ? ಬೆನ್ನೆಲುಬಿನ ಒಳಬದಿಗೆ ಅಂಟಿಕೊಂಡಿರುವ ಮೆತ್ತನೆಯ ಮಾಂಸವನ್ನು ನೆಣ ಬಿಡಿಸಿ ತೂಗಿದರೆ, ೧೦೦ ಗ್ರಾಂ ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು, ಸುಮಾರು ೨೧ ಗ್ರಾಂ ಸಸಾರಜನಕ, ಎಂದರೆ ಪ್ರೋಟೀನು, ಎರಡರಿಂದ ನಾಲ್ಕು ಗ್ರಾಂ ಕೊಬ್ಬು. ಅದು ಕೊಡುವ ಶಕ್ತಿ ೧೧೦ರಿಂದ ೧೨೦ ಕ್ಯಾಲೊರಿ. ಚರ್ಮ ಸುಲಿದ ಕೋಳಿಯ ಎದೆಯ ಮಾಂಸಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಅದೇ ಹಂದಿಯ ಹೊಟ್ಟೆಯ ಪದರವನ್ನು ತೂಗಿದರೋ, ೧೦೦ ಗ್ರಾಮಿನಲ್ಲಿ ಪ್ರೋಟೀನು ಒಂಬತ್ತೇ ಗ್ರಾಂ, ಕೊಬ್ಬು ೫೩ ಗ್ರಾಂ, ಶಕ್ತಿ ೫೨೦ ಕ್ಯಾಲೊರಿಯ ಹತ್ತಿರ. ಒಂದೇ ಅಂಗಡಿ, ಒಂದೇ ಪ್ರಾಣಿ, ಒಂದೇ ಹೆಸರು. ದೇಹಕ್ಕೆ ಸೇರುವ ವಸ್ತು ಮಾತ್ರ ಬೇರೆ. ಹೊಲದಲ್ಲಿ ದಿನವೆಲ್ಲ ದುಡಿಯುವವನಿಗೆ ಹೊಟ್ಟೆಯ ಪದರ ಸಲ್ಲಬಹುದು. ಕಚೇರಿಯಲ್ಲಿ ಕುರ್ಚಿಗೆ ಅಂಟಿ ಕೂರುವವನಿಗೆ ಸಲ್ಲದು.

ಈ ಮಾಂಸದ ಪ್ರೋಟೀನಿನಲ್ಲಿ ದೇಹವು ತಾನಾಗಿ ತಯಾರಿಸಿಕೊಳ್ಳಲಾರದ ಅಂಶಗಳೆಲ್ಲ ಇರುವುವು. ಸತುವು, ಸೆಲೆನಿಯಂ, ಬಿ ವರ್ಗದ ಅನ್ನಾಂಗಗಳು, ಈಗಿನವರು ವಿಟಮಿನ್ ಎನ್ನುವ ವಸ್ತುಗಳು, ಇದರಲ್ಲಿ ಚೆನ್ನಾಗಿರುವುವು. ಸಸ್ಯಗಳಲ್ಲಿ ದೊರೆಯದ ಬಿ೧೨ ಇದರಲ್ಲುಂಟು. ಕಬ್ಬಿಣ ೧೦೦ ಗ್ರಾಮಿಗೆ ಒಂದು ಮಿಲಿಗ್ರಾಮಿನಷ್ಟು ಮಾತ್ರವಾದರೂ ಅದರಲ್ಲಿ ಒಂದು ಪಾಲು ರಕ್ತಕ್ಕೆ ಸುಲಭವಾಗಿ ಸೇರುವ ಬಗೆಯದು. ಹಂದಿಯ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಾದರೆ ಕಬ್ಬಿಣ ಸುಮಾರು ಇಪ್ಪತ್ತು ಮಿಲಿಗ್ರಾಂ. ಆದರೆ ಅದರಲ್ಲಿ ಎ ಅನ್ನಾಂಗ ಮಿತಿಮೀರಿರುವುದರಿಂದ ಬಸುರಿಯರು ಯಕೃತ್ತನ್ನು ಬಿಡುವುದು ಲೇಸು. ಕೊರತೆಗಳನ್ನೂ ಹೇಳಬೇಕು. ಮಾಂಸದಲ್ಲಿ ನಾರಿಲ್ಲ, ಸಿ ಅನ್ನಾಂಗ ಇಲ್ಲವೆನ್ನುವಷ್ಟು ಕಡಿಮೆ, ಸುಣ್ಣದ ಅಂಶವೂ ಅತ್ಯಲ್ಪ. ನಮ್ಮ ರಾಗಿಯ ೧೦೦ ಗ್ರಾಮಿನಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣವಿದ್ದರೆ ಈ ಮಾಂಸದಲ್ಲಿ ಹತ್ತಿಪ್ಪತ್ತು ಮಿಲಿಗ್ರಾಂ ಇದ್ದೀತು. ಮುದ್ದೆಯ ಕೆಲಸವನ್ನು ಮಾಂಸ ಮಾಡಲಾರದು.

ಬೇರೆ ಮಾಂಸಗಳಿಂದ ಹಂದಿಯ ಮಾಂಸವನ್ನು ಬೇರ್ಪಡಿಸಿ ತೋರಿಸುವ ವಸ್ತು ಒಂದಿದೆ. ಅದು ಥಯಾಮಿನ್, ಎಂದರೆ ಬಿ೧ ಅನ್ನಾಂಗ. ಇದರ ಕಥೆ ಅಕ್ಕಿಯುಣ್ಣುವ ನಮಗೆಲ್ಲ ಸಂಬಂಧಪಟ್ಟದ್ದು. ೧೮೯೦ರ ದಶಕದಲ್ಲಿ ಜಾವಾದ್ವೀಪದಲ್ಲಿದ್ದ ಐಕ್ಮನ್ ಎಂಬ ಡಚ್ ವೈದ್ಯನು, ತವುಡು ಕಳೆದ ಬಿಳಿಯ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನು ಕಂಡನು; ತವುಡು ಕೊಟ್ಟಾಗ ಅವು ಎದ್ದು ಓಡಾಡಿದುವು. ಅಕ್ಕಿಯೇ ಮುಖ್ಯ ಆಹಾರವಾದ ನಾಡುಗಳಲ್ಲಿ ಜನರನ್ನು ಕೊಲ್ಲುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಹೀಗೆ ಬಯಲಾಗತೊಡಗಿತು. ಈ ಕೆಲಸಕ್ಕಾಗಿ ಆತನಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ತವುಡಿನೊಳಗಿನ ಆ ವಸ್ತುವನ್ನು ೧೯೨೬ರಲ್ಲಿ ಜಾವಾದಲ್ಲಿಯೇ ಹರಳುರೂಪದಲ್ಲಿ ತೆಗೆದರು. ೧೯೩೬ರಲ್ಲಿ ಅದನ್ನು ರಸಾಯನಶಾಲೆಯಲ್ಲಿ ತಯಾರಿಸಿ ತೋರಿಸಿದ ಅಮೆರಿಕನ್ ವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ.

ಕೊಬ್ಬಿಲ್ಲದ ಹಂದಿಯ ಮಾಂಸದ ೧೦೦ ಗ್ರಾಮಿನಲ್ಲಿ ಈ ಥಯಾಮಿನ್ ಅರ್ಧದಿಂದ ಒಂದು ಮಿಲಿಗ್ರಾಂವರೆಗೆ ಇರುವುದು. ದನದ ಅಥವಾ ಕೋಳಿಯ ಮಾಂಸದಲ್ಲಿರುವುದಕ್ಕೆ ಇದು ಐದರಿಂದ ಹತ್ತು ಪಟ್ಟು. ಬೆಳೆದವರಿಗೆ ದಿನಕ್ಕೆ ಬೇಕಾದದ್ದು ಒಂದು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಅಕ್ಕಿತರಿಯ ಕಡಂಬುಟ್ಟಿನ ಜೊತೆಗೆ ಪಂದಿಕರಿಯನ್ನು ಬಡಿಸುವರು. ಅಕ್ಕಿಯಲ್ಲಿ ಇಲ್ಲದ್ದು ಪಂದಿಯಲ್ಲಿದೆ. ಅಡುಗೆಯವರು ಇದನ್ನು ಲೆಕ್ಕಹಾಕಿ ಮಾಡಿದರೆಂದು ನಾವು ಹೇಳುವುದಿಲ್ಲ. ಜೋಡಿ ಮಾತ್ರ ಒಳ್ಳೆಯದು. ಆ ಕರಿಗೆ ಬೀಳುವ ಕಾಚಂಪುಳಿ, ಎಂದರೆ ಉಪ್ಪಾಗೆಯ ಹಣ್ಣಿನ ರಸವನ್ನು ಕಪ್ಪಾಗುವಂತೆ ಕಾಯಿಸಿ ಇಳಿಸಿದ ಹುಳಿ, ನೆಣದ ಜಿಡ್ಡನ್ನು ನಾಲಗೆಗೆ ಹಗುರಮಾಡುವುದು. ಮಂಗಳೂರಿನ ಕ್ರೈಸ್ತರ ದುಕ್ರಾ ಮಾಸಿನಲ್ಲಿಯೂ ಹುಳಿಯುಂಟು. ಥಯಾಮಿನ್ ನೀರಿನಲ್ಲಿ ಕರಗುವ, ಕಾವಿಗೆ ಕೆಡುವ ವಸ್ತು. ಬೇಯಿಸಿದಾಗ ಸ್ವಲ್ಪ ನಷ್ಟವಾಗುವುದು, ಸ್ವಲ್ಪ ರಸಕ್ಕೆ ಇಳಿಯುವುದು. ಆದುದರಿಂದ ಬೆಂದ ನೀರನ್ನು ಚೆಲ್ಲದೆ ಸಾರಿನೊಡನೆಯೇ ಉಣ್ಣತಕ್ಕದ್ದು. ಮಾಂಸ ತಿನ್ನದವರು ಚಿಂತಿಸಬೇಕಾಗಿಲ್ಲ. ಕಡಲೆಕಾಯಿ ಬೀಜ, ಬೇಳೆಕಾಳು, ರಾಗಿ, ಕುಚ್ಚಲಕ್ಕಿ, ಇವೆಲ್ಲ ಥಯಾಮಿನ್ ಕೊಡುವುವು. ಅಕ್ಕಿಯನ್ನು ಪಾಲಿಷ್ ಮಾಡಿಸಿ, ಹತ್ತು ಸಲ ತೊಳೆದು, ಗಂಜಿ ಬಸಿದು ಚೆಲ್ಲುವವರಿಗೆ ಮಾತ್ರ ಎಚ್ಚರಿಕೆ ಬೇಕು.

ಕೊಬ್ಬಿನ ವಿಚಾರದಲ್ಲಿ ಹಂದಿಗೆ ಒಂದು ವಿಶೇಷವಿದೆ. ಹಸು ತಿಂದ ಎಣ್ಣೆಯ ಅಂಶವನ್ನು ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಬದಲಾಯಿಸಿ ಗಟ್ಟಿಯ ಕೊಬ್ಬಾಗಿಸುವುವು. ಹಂದಿಯಲ್ಲಿ ಹಾಗಿಲ್ಲ, ತಿಂದ ಎಣ್ಣೆ ಬಹುಮಟ್ಟಿಗೆ ಇದ್ದಂತೆಯೇ ಅದರ ನೆಣದಲ್ಲಿ ಸೇರುವುದು. ಕಡಲೆಕಾಯಿ ತಿಂದ ಹಂದಿಯ ನೆಣ ಮೆತ್ತಗೆ, ಜೋಳ ಅಥವಾ ಬಾರ್ಲಿ ತಿಂದದರ ನೆಣ ಗಟ್ಟಿ. ಸಾಮಾನ್ಯವಾಗಿ ಹಂದಿಯ ನೆಣದಲ್ಲಿ ಐದರಲ್ಲಿ ಎರಡು ಪಾಲು ಹೃದಯಕ್ಕೆ ಅಷ್ಟಾಗಿ ಒಗ್ಗದ ಗಟ್ಟಿ ಬಗೆಯ ಕೊಬ್ಬು. ನಮ್ಮ ಹಸುವಿನ ತುಪ್ಪದಲ್ಲಿ ಇದು ಐದರಲ್ಲಿ ಮೂರು ಪಾಲು, ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು. ಹಂದಿಯ ನೆಣವೊಂದನ್ನೇ ವಿಷವೆನ್ನುವವರು ತಮ್ಮ ತುಪ್ಪದ ಡಬ್ಬಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಎಲ್ಲವನ್ನೂ ಮಿತವಾಗಿ ಬಳಸಬೇಕೆಂಬುದೇ ಇದರ ತಾತ್ಪರ್ಯ.

ಉಪ್ಪು ಮತ್ತು ನೈಟ್ರೈಟ್ ಹಾಕಿ, ಹೊಗೆಕೊಟ್ಟು, ತಿಂಗಳುಗಟ್ಟಲೆ ಇಡುವ ಬೇಕನ್, ಹ್ಯಾಮ್, ಸಾಸೇಜುಗಳ ಮಾತು ಬೇರೆ. ಇವುಗಳಲ್ಲಿ ಉಪ್ಪು ತಾಜಾ ಮಾಂಸದಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮೀರುವುದುಂಟು. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇಂತಹ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನವೂ ೫೦ ಗ್ರಾಮಿನಂತೆ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ ಹದಿನೆಂಟರಷ್ಟು ಹೆಚ್ಚುವುದೆಂದು ಅದರ ಅಂದಾಜು. ಹಬ್ಬದ ಊಟದ ಕರಿಯನ್ನೂ ಪ್ರತಿದಿನದ ಡಬ್ಬಿಯ ಮಾಂಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಂದಿ ಏನು ತಿಂದಿತೋ ಅದೇ ಅದರ ನೆಣವಾಗುವುದೆಂದು ಈಗ ಹೇಳಿದೆವು. ಹಾಗಾದರೆ ನಮ್ಮ ಊರುಕೇರಿಗಳ ಬೀದಿಹಂದಿ ಏನು ತಿನ್ನುತ್ತದೆ? ಇಲ್ಲಿಂದ ನಮ್ಮ ಎರಡನೆಯ ಪ್ರಶ್ನೆಗೆ ಬರುವೆವು.

ಲಾಡಿಹುಳುವೆಂಬ ಕರುಳಿನ ಹುಳುವಿನ ಹೆಸರನ್ನು ಶ್ರೋತೃಗಳು ಕೇಳಿರಬಹುದು. ಅದರಲ್ಲಿ ಹಂದಿಗೆ ಸಂಬಂಧಿಸಿದ ಬಗೆಯೊಂದುಂಟು. ಹಂದಿಯ ಮಾಂಸದಲ್ಲಿ ಕೆಲವು ಸಲ ಕಾಣುವ ಅಕ್ಕಿಕಾಳಿನಂತಹ ಬಿಳಿಯ ನೀರ್ಗುಳ್ಳೆಗಳು ಆ ಹುಳುವಿನದೇ ಎಳೆಯ ಅವಸ್ಥೆಯೆಂದು ಕ್ಯುಷನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯನು ವಾದಿಸಿದನು. ಅದನ್ನು ಸ್ಥಾಪಿಸುವುದಕ್ಕೆ ೧೮೫೫ರಲ್ಲಿ ಅವನು ಹಿಡಿದ ದಾರಿ ಘೋರವಾದದ್ದು. ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ, ಅವನಿಗೆ ತಿಳಿಸದೆ, ಗುಳ್ಳೆಗಳನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿ, ದಂಡನೆಯಾದ ಮೇಲೆ ಶವವನ್ನು ಕೊಯ್ದು ಕರುಳಿನಲ್ಲಿ ಎಳೆಯ ಲಾಡಿಹುಳುಗಳನ್ನು ಕಂಡನು. ಇಂದು ಇಂತಹ ಪ್ರಯೋಗಕ್ಕೆ ಯಾವ ವೈದ್ಯಮಂಡಲಿಯೂ ಒಪ್ಪದು. ಆಗಲೂ ಅವನನ್ನು ನಿಂದಿಸಿದವರಿದ್ದರು. ಆದರೂ ಅವನು ಕಂಡದ್ದು ಸತ್ಯವಾಗಿತ್ತು.

ಚಕ್ರವು ಹೀಗೆ ತಿರುಗುತ್ತದೆ. ಗುಳ್ಳೆಯಿರುವ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಎರಡು ಮೂರು ಮೀಟರು ಉದ್ದದ ಹುಳು ಬೆಳೆಯುವುದು. ಅವನಿಗೆ ಅದರಿಂದ ಆಗುವ ತೊಂದರೆ ಅಷ್ಟಕ್ಕಷ್ಟೆ. ಎಷ್ಟೋ ಜನರಿಗೆ ಹುಳು ಇರುವುದೇ ತಿಳಿಯದು. ಆದರೆ ಅವನ ಮಲದಲ್ಲಿ ಸಾವಿರಗಟ್ಟಲೆ ಮೊಟ್ಟೆಗಳು ಹೊರಬೀಳುವುವು. ಬಯಲಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ಮೊಟ್ಟೆಯೊಡೆದ ಮರಿಗಳು ಅದರ ಮಾಂಸದಲ್ಲಿ ಗುಳ್ಳೆಗಟ್ಟಿ ಕುಳಿತುಕೊಳ್ಳುವುವು. ಇದುವರೆಗಿನ ಕಥೆಯಲ್ಲಿ ಮಾಂಸ ತಿನ್ನದವನಿಗೆ ಪಾತ್ರವಿಲ್ಲ. ಆದರೆ ಆ ಮೊಟ್ಟೆ ಹಂದಿಯ ಹೊಟ್ಟೆಗೆ ಹೋಗುವ ಬದಲು ಮನುಷ್ಯನ ಹೊಟ್ಟೆಗೆ ಹೋದರೆ? ಹಂದಿಯ ದೇಹಕ್ಕೂ ನಮ್ಮ ದೇಹಕ್ಕೂ ಇರುವ ಹತ್ತಿರತನವನ್ನು ಆಗಲೇ ಹೇಳಿದೆವು. ಮೊಟ್ಟೆಗೆ ಭೇದ ತಿಳಿಯದು. ಹಂದಿಯಲ್ಲಿ ಮಾಡಿದ್ದನ್ನೇ ಮನುಷ್ಯನಲ್ಲಿಯೂ ಮಾಡುವುದು. ಸ್ನಾಯುಗಳಲ್ಲಿ, ಕಣ್ಣಿನಲ್ಲಿ, ಎಲ್ಲಕ್ಕಿಂತ ಕೇಡಾಗಿ ಮೆದುಳಿನಲ್ಲಿ ಗುಳ್ಳೆಗಟ್ಟುವುದು. ಪರಿಣಾಮ ತಲೆನೋವು, ಮೂರ್ಛೆ, ಕೆಲವು ಸಲ ಮರಣ.

ಮೊಟ್ಟೆ ಬಾಯಿಗೆ ಬರುವುದು ಮಾಂಸದಿಂದಲ್ಲ. ಕೈಯಿಂದ, ನೀರಿನಿಂದ, ತೊಳೆಯದ ಹಸಿ ಸೊಪ್ಪುತರಕಾರಿಯಿಂದ. ಶೌಚಕ್ಕೆ ಹೋಗಿಬಂದು ಸೋಪು ಹಚ್ಚಿ ಕೈ ತೊಳೆಯದ ಅಡುಗೆಯವನಿಂದ, ಚರಂಡಿಯ ನೀರಿನಲ್ಲಿ ಬೆಳೆದ ಕೊತ್ತಂಬರಿ ಸೊಪ್ಪಿನಿಂದ, ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಯಿಂದ ಬರಬಹುದು. ೧೯೯೨ರಲ್ಲಿ ಪ್ರಕಟವಾದ ಒಂದು ವರದಿ ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ನ್ಯೂಯಾರ್ಕ್ ನಗರದ ಸನಾತನ ಯಹೂದ್ಯರ ಕೇರಿಯಲ್ಲಿ ಕೆಲವರಿಗೆ ಮೂರ್ಛೆ ಬರತೊಡಗಿತು. ಪರೀಕ್ಷಿಸಿದರೆ ಮೆದುಳಿನಲ್ಲಿ ಹಂದಿಯ ಲಾಡಿಹುಳುವಿನ ಗುಳ್ಳೆ. ಅವರು ತಲತಲಾಂತರದಿಂದ ಹಂದಿಯನ್ನು ಮುಟ್ಟದವರು. ಆ ಮನೆಗಳಲ್ಲಿ ಕೆಲಸಕ್ಕಿದ್ದವರ ಕರುಳಿನ ಹುಳುವಿನಿಂದ ಮೊಟ್ಟೆಗಳು ಅನ್ನದ ಮೂಲಕ ಬಂದಿದ್ದುವೆಂದು ವೈದ್ಯರು ತೀರ್ಮಾನಿಸಿದರು. ನಮ್ಮ ದೇಶದಲ್ಲಿ ಈ ರೋಗಕ್ಕೆ ಗುರಿಯಾದವರಲ್ಲಿ ಶುದ್ಧ ಸಸ್ಯಾಹಾರಿಗಳು ಬಹುಮಂದಿ. ಈ ಹುಳು ನೆಲೆಯೂರಿದ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗಿಗಳ ಪೈಕಿ ನೂರಕ್ಕೆ ಮೂವತ್ತರಷ್ಟು ಜನರಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೂರ್ಛೆ ಬಂದ ಹುಡುಗನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ, ಮೂರ್ಛೆ ಬರುವ ಹುಡುಗಿಯ ಸಂಬಂಧ ಬೇಡವೆನ್ನುವ ಸಮಾಜ ನಮ್ಮದು. ಅಂತಹ ಮನೆಯವರು ಗ್ರಹಚಾರವನ್ನು ಹಳಿಯುವರು, ಪೂರ್ವಜನ್ಮವನ್ನು ಹಳಿಯುವರು. ಬೆಂಗಳೂರಿನ ನಿಮ್ಹಾನ್ಸಿನಂತಹ ಆಸ್ಪತ್ರೆಗಳಲ್ಲಿ ಮೆದುಳಿನ ಚಿತ್ರ ತೆಗೆದು ಗುಳ್ಳೆಯನ್ನು ಕಂಡುಹಿಡಿಯಬಲ್ಲರು. ಔಷಧಗಳುಂಟು, ಎಷ್ಟೋ ರೋಗಿಗಳು ಪೂರ್ಣವಾಗಿ ಗುಣಹೊಂದುವರು. ಆದರೆ ಈ ರೋಗವು ಬಾರದಂತೆ ತಡೆಯಬಹುದಾದ ರೋಗವೆಂಬುದೇ ಮುಖ್ಯವಾದ ಮಾತು. ಚಕ್ರದ ಒಂದು ಕಡ್ಡಿಯನ್ನು ಮುರಿದರೆ ಚಕ್ರ ನಿಲ್ಲುವುದು. ಮುರಿಯುವುದಕ್ಕೆ ಅತ್ಯಂತ ಸುಲಭವಾದ ಕಡ್ಡಿ ಶೌಚಾಲಯ. ೨೦೧೧ರ ಜನಗಣತಿಯಲ್ಲಿ ನಮ್ಮ ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳವರು ಬಯಲಿಗೆ ಹೋಗುತ್ತಿದ್ದರೆಂದು ದಾಖಲೆಯಾಯಿತು. ಆಮೇಲೆ ಕೋಟಿಗಟ್ಟಲೆ ಶೌಚಾಲಯಗಳು ಕಟ್ಟಲ್ಪಟ್ಟಿವೆ. ಕಟ್ಟಿದ್ದನ್ನು ಮನೆಯವರೆಲ್ಲರೂ ಪ್ರತಿದಿನವೂ ಬಳಸುವಂತಾಗುವುದೇ ಉಳಿದ ಕೆಲಸ.

ಇನ್ನೆರಡು ರೋಗಗಳ ಹೆಸರನ್ನೂ ಹೇಳುವುದು ಅವಶ್ಯ. ಜಪಾನೀ ಮೆದುಳುಜ್ವರವು ನಮ್ಮ ಕೋಲಾರ, ಮಂಡ್ಯ ಜಿಲ್ಲೆಗಳಲ್ಲಿ ಕಂಡಿರುವ ರೋಗ. ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆ ಇದರ ವೈರಸನ್ನು ಒಯ್ಯುವುದು. ಹಂದಿಯ ರಕ್ತದಲ್ಲಿ ವೈರಸು ಹೇರಳವಾಗಿ ಹೆಚ್ಚಿ, ಅಲ್ಲಿಂದ ಸೊಳ್ಳೆಯ ಮೂಲಕ ಮಕ್ಕಳಿಗೆ ತಗಲುವುದು. ಇದು ಮಾಂಸದಿಂದ ಬರುವುದಲ್ಲ. ಹಂದಿದೊಡ್ಡಿಯನ್ನು ಮನೆಗಳಿಂದ ದೂರವಿಡುವುದೂ ಮಕ್ಕಳಿಗೆ ಲಸಿಕೆ ಹಾಕಿಸುವುದೂ ಇದಕ್ಕೆ ಉಪಾಯ. ೨೦೨೦ರಲ್ಲಿ ನಮ್ಮ ದೇಶದ ಈಶಾನ್ಯಭಾಗದಲ್ಲಿ ಕಾಲಿಟ್ಟ ಆಫ್ರಿಕಾದ ಹಂದಿಜ್ವರವಾದರೋ ಮನುಷ್ಯರಿಗೆ ತಗಲುವುದೇ ಇಲ್ಲ. ಆದರೆ ತಗಲಿದ ಹಂದಿಗಳಲ್ಲಿ ಬಹುಪಾಲು ಸಾಯುವುವು. ಆ ರೋಗದ ಸುದ್ದಿ ಕೇಳಿ ಮಾಂಸಕ್ಕೆ ಹೆದರಬೇಕಾಗಿಲ್ಲ. ಸಾಕಿದವನ ಹುಂಡಿ ಒಡೆದುಹೋದುದಕ್ಕೆ ಮರುಗಬೇಕು.

ಇಷ್ಟು ಹೇಳಿದ ಮೇಲೆ ನಿತ್ಯದ ಬಾಳಿಗೆ ಬೇಕಾದ ಮಾತು ಸ್ವಲ್ಪ. ಹಂದಿಯ ಮಾಂಸ ಕೊಳ್ಳುವವರು ಅದು ದೊಡ್ಡಿಯಲ್ಲಿ ಕಟ್ಟಿ ಮೇವು ಹಾಕಿ ಬೆಳೆಸಿದ ಹಂದಿಯೋ, ಬೀದಿಯಲ್ಲಿ ತಿರುಗಿದ ಹಂದಿಯೋ ಎಂದು ಕೇಳಿ ತಿಳಿಯಬೇಕು. ಬೆಲೆ ಎರಡು ಕಾಸು ಹೆಚ್ಚಾದರೂ ಮೊದಲನೆಯದನ್ನೇ ಕೊಳ್ಳಬೇಕು. ಪಶುವೈದ್ಯರು ಪರೀಕ್ಷಿಸಿದ ಮಾಂಸವಾದರೆ ಇನ್ನೂ ಒಳ್ಳೆಯದು. ಬಿಳಿಯ ಗುಳ್ಳೆಗಳು ಕಂಡರೆ ಆ ಮಾಂಸ ಬೇಡ. ತುಂಡಿನ ನಡುಭಾಗದ ಕಾವು ೭೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವಂತೆ, ಒಳಗೆ ಎಲ್ಲಿಯೂ ಕೆಂಪು ಉಳಿಯದಂತೆ ಬೇಯಿಸಬೇಕು. ನಮ್ಮವರು ಕರಿಯನ್ನು ನಿಧಾನವಾಗಿ ಕುದಿಸುವ ಪದ್ಧತಿಗೆ ಇದು ಕಷ್ಟವಲ್ಲ. ಹಸಿ ಮಾಂಸ ಕೊಯ್ದ ಮಣೆಯ ಮೇಲೆ ತೊಳೆಯದೆ ಈರುಳ್ಳಿ ಹೆಚ್ಚಬಾರದು. ಮಾಂಸ ತಿನ್ನದವರಿಗೆ ಹೇಳುವ ಮಾತು ಇದಕ್ಕಿಂತ ಚಿಕ್ಕದು: ಸೊಪ್ಪನ್ನೂ ಹಸಿ ತರಕಾರಿಯನ್ನೂ ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಅಡುಗೆಮನೆಗೆ ಕಾಲಿಡುವ ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯಲಿ, ಮನೆಗೆಲಸಕ್ಕೆ ಬರುವವರಿಗೆ ಮನೆಯ ಶೌಚಾಲಯವನ್ನೂ ಸೋಪನ್ನೂ ಸಂಕೋಚವಿಲ್ಲದೆ ಬಿಟ್ಟುಕೊಡಿ, ಅವರಿಗೆ ಹುಳುವಿನ ಅನುಮಾನವಿದ್ದರೆ ಬೈಯದೆ ಔಷಧ ಕೊಡಿಸಿ. ನಗರದಲ್ಲಿ ಓದಿದವರ ಮನೆಗಳಲ್ಲಿ ಪೂಜೆಗೆ ಮಡಿಯುಂಟು, ಅಡುಗೆಗೆ ಮಡಿಯುಂಟು, ಕೆಲಸದವಳಿಗೆ ಶೌಚಾಲಯವಿಲ್ಲ. ಅಂತಹ ಮಡಿಯ ನಡುವೆ ಈ ಮೊಟ್ಟೆ ನಿರಾತಂಕವಾಗಿ ಒಳಗೆ ಬರುವುದು.

ಹಂದಿಯ ಮಾಂಸವು ಒಳ್ಳೆಯ ಆಹಾರವಾಗಬಲ್ಲದು. ಅದಕ್ಕೆ ಬೇಕಾದದ್ದು ಒಳ್ಳೆಯ ಮೇವು, ಒಳ್ಳೆಯ ದೊಡ್ಡಿ, ಸರಿಯಾದ ಭಾಗ, ಸಾಕಷ್ಟು ಬೆಂಕಿ. ಕೆಟ್ಟ ಆಹಾರವೂ ಆಗಬಲ್ಲದು. ಆಗ ತಪ್ಪು ಹಂದಿಯದಲ್ಲ. ಅದು ತಿಂದ ಹೊಲಸು ನ್ಯಾಯವಾಗಿ ನಮ್ಮ ಊರಿನದು, ನಾವು ಮುಚ್ಚದೆ ಬಿಟ್ಟದ್ದು. ಬೀದಿಯಲ್ಲಿ ಹಂದಿಯನ್ನು ಕಂಡಾಗ ನಾವು ಅತ್ತ ಮುಖ ತಿರುಗಿಸಿ ನಡೆಯುವುದು ವಾಡಿಕೆ. ಇನ್ನು ಮುಂದೆ ಒಂದು ಕ್ಷಣ ನಿಂತು, ಅದು ಏನನ್ನು ತಿನ್ನುತ್ತಿದೆಯೆಂದು ನೋಡಿ, ಅದು ಅಲ್ಲಿಗೆ ಹೇಗೆ ಬಂತೆಂದು ನಮ್ಮ ನಗರಸಭೆಯ ಸದಸ್ಯರನ್ನು ಕೇಳೋಣ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಹಂದಿಯ ಮಾಂಸವನ್ನು ತಿನ್ನಬೇಕಾಗಿಲ್ಲ.